ಮೊದಲ ಪುಟದ ಕಜ್ಜಾಯ

ಕೋಗಿಲು ಕ್ರಾಸಿನಿಂದ ಒಳಗೆ ಎರಡನೇ ತಿರುವಿನಲ್ಲಿ ಕಲಾವತಿಯ ಕಜ್ಜಾಯದ ಶೆಡ್ ಇತ್ತು. ಊರಿನವರಿಗೆ ದಾರಿ ಹೇಳುವ ಅಗತ್ಯವೇ ಇರಲಿಲ್ಲ. ಬೆಲ್ಲದ ಪಾಕದ ವಾಸನೆ ಹಿಡಿದು ಹೊರಟರೆ ಮೂಗೇ ತಂದು ಬಾಗಿಲಿಗೆ ನಿಲ್ಲಿಸುತ್ತಿತ್ತು. ಆದರೆ ಕೆಂಪಾಪುರದ ಅಪಾರ್ಟ್‌ಮೆಂಟಿನವರ ಮೂಗು ಅಷ್ಟು ದೂರ ಎಟುಕುವುದಿಲ್ಲವಲ್ಲ. ಅವರು ಏನು ಬೇಕಿದ್ದರೂ ಮೊದಲು ಕಂಪ್ಯೂಟರನ್ನು ಕೇಳುವ ಜನ. ದೀಪಾವಳಿಯ ನೋಮಿಗೆ, ಅಂದರೆ ಹಬ್ಬದ ವ್ರತಕ್ಕೆ, ಕಜ್ಜಾಯ ಆಗಲೇಬೇಕು, ಅತ್ತೆಗೆ ಮಂಡಿ ನೋವು, ಸೊಸೆಗೆ ಪಾಕದ ಹದ ಗೊತ್ತಿಲ್ಲ. ಇಂಥವರು ಗೂಗಲ್ಲಿನಲ್ಲಿ ಬೆಂಗಳೂರಿನ ಕಜ್ಜಾಯ ಹುಡುಕಿದರೆ ಎಲ್ಲರಿಗಿಂತ ಮೇಲೆ ಕಲಾವತಿಯ ಹೆಸರು ಬರುತ್ತಿತ್ತು. 2010ರ ದೀಪಾವಳಿಗೂ ಹಾಗೆ, 2011ರದಕ್ಕೂ ಹಾಗೆ.

ಆ ಮೇಲಿನ ಜಾಗ ತಾನಾಗಿ ಬಂದದ್ದಲ್ಲ. ಯಲಹಂಕದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಬಸವಕಿರಣ ಎಂಬ ಬಾಗಲಕೋಟೆಯ ಹುಡುಗ ಕಲಾವತಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಭಾನುವಾರಗಳಲ್ಲಿ ಸುತ್ತಮುತ್ತಲ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುವುದು ಅವನ ಚಟ. ಕಲಾವತಿಗೂ ಒಂದು ಮಾಡಿಕೊಟ್ಟ. ಮಾಡಿಕೊಟ್ಟು ಸುಮ್ಮನಿರದೆ ಒಂದು ಗುಟ್ಟನ್ನೂ ಹೇಳಿದ.

"ಬರೀ ವೆಬ್‌ಸೈಟ್ ಇದ್ರ ಸಾಲಂಗಿಲ್ರಿ ಅಕ್ಕಾರ. ಬ್ಯಾರೇದವ್ರು ತಮ್ಮ ವೆಬ್‌ಸೈಟಿನ್ಯಾಗ ನಿಮ್ಮ ಹೆಸರು ಹಾಕಿ ಲಿಂಕ್ ಕೊಡ್ಬೇಕು. ಎಷ್ಟು ಮಂದಿ ಕೊಡ್ತಾರೋ ಅಷ್ಟು ನೀವು ಮ್ಯಾಲ ಬರ್ತೀರಿ. ಅವ್ರದ್ದು ನೀವು ಹಾಕ್ರಿ, ನಿಮ್ಮದು ಅವ್ರು ಹಾಕ್ತಾರ."

"ಇದು ಮುಯ್ಯಿ ಅಲ್ವೇನಪ್ಪ," ಎಂದಳು ಕಲಾವತಿ.

ಆ ಮಾತು ಬಾಯಿಂದ ಬಂದಮೇಲೆ ಅವಳಿಗೆ ಮತ್ತೇನೂ ಕಲಿಯಬೇಕಾಗಿರಲಿಲ್ಲ. ಮುಯ್ಯಿ ಎಂದರೆ ಆ ಕಡೆಯ ಹಳ್ಳಿಗಳಲ್ಲಿ ಹುಟ್ಟಿದವರಿಗೆ ಉಸಿರಾಟವಿದ್ದಂತೆ. ನನ್ನ ಮನೆ ಮದುವೆಗೆ ನೀನು ತಟ್ಟೆ ಹಿಡಿದು ಬಂದೆ, ನಿನ್ನ ಹೆಸರು ಪುಸ್ತಕದಲ್ಲಿ ಬರೆದುಕೊಂಡೆ. ನಾಳೆ ನಿನ್ನ ಮನೆ ಮದುವೆಗೆ ನಾನು ಬರದಿದ್ದರೆ ನನ್ನದು ಮನುಷ್ಯ ಜನ್ಮವೇ ಅಲ್ಲ. ಸರಿ, ಕಲಾವತಿ ಡಬ್ಬಿಯ ತುಂಬ ಕಜ್ಜಾಯ ಹಾಕಿಕೊಂಡು ಹೊರಟಳು. ಡ್ರೈವಿಂಗ್ ಸ್ಕೂಲಿನ ಜಾಫರ್, ಬೋರ್‌ವೆಲ್ ಕೊರೆಯುವ ಚಿಕ್ಕಮಾರಯ್ಯ, ಹೂಗಿಡದ ನರ್ಸರಿಯ ಪಿಳ್ಳಣ್ಣ, ಹೀಗೆ ಯಾರ್‍ಯಾರಿಗೆ ವೆಬ್‌ಸೈಟ್ ಇತ್ತೋ ಅವರನ್ನೆಲ್ಲ ಒಪ್ಪಿಸಿದಳು. ಕಜ್ಜಾಯ ತಿಂದ ಬಾಯಿ ಇಲ್ಲ ಅನ್ನುವುದಾದರೂ ಹೇಗೆ? ಒಟ್ಟು ಮೂವತ್ತೇಳು ಜನ. ಎಲ್ಲರ ವೆಬ್‌ಸೈಟಿನ ಕೆಳಗೂ "ನಮ್ಮ ಬಂಧುಗಳು" ಎಂಬ ಒಂದೇ ಪಟ್ಟಿ. ಬೋರ್‌ವೆಲ್ ನೋಡಲು ಹೋದವನಿಗೂ ಕೊನೆಯಲ್ಲಿ ಕಜ್ಜಾಯ ಕಾಣುತ್ತಿತ್ತು, ಕಜ್ಜಾಯಕ್ಕೆ ಬಂದವನಿಗೆ ಬೋರ್‌ವೆಲ್ ಕಾಣುತ್ತಿತ್ತು.

ಪಟ್ಟಿಗೆ ಸೇರಿದವರಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಶಾಮಿಯಾನದ ಅಶ್ವತ್ಥಪ್ಪ. ಅವರು ಕಲಾವತಿಯ ಸೋದರಮಾವ. ಎಪ್ಪತ್ತಕ್ಕೆ ಹತ್ತಿರವಾದರೂ ಪೆಂಡಾಲಿನ ಕಂಬ ನೆಟ್ಟಗಿದೆಯೋ ಇಲ್ಲವೋ ಎಂದು ತಾವೇ ಕಣ್ಣು ಕಿರಿದು ಮಾಡಿ ನೋಡುವವರು. ಕಂಪ್ಯೂಟರ್ ಮುಟ್ಟಿದವರಲ್ಲ, ಆದರೆ ತಮ್ಮ ಹೆಸರಿನ ಕೆಳಗೆ ಸೋದರಸೊಸೆಯ ಹೆಸರು ಇದೆ ಎಂದು ಬಸವಕಿರಣನ ಕೈಯಲ್ಲಿ ನಾಲ್ಕು ಸಲ ಓದಿಸಿಕೊಂಡಿದ್ದರು.

ಎರಡು ವರ್ಷ ಮೊದಲ ಪುಟದ ಮೊದಲ ಜಾಗದಲ್ಲಿ ಕೂತ ಮೇಲೆ ಕಲಾವತಿಗೆ ಧೈರ್ಯ ಬಂತು. ಧೈರ್ಯ ಬಂದವರು ಸುಮ್ಮನೆ ಕೂರುತ್ತಾರೆಯೇ? ಗಾರ್ಮೆಂಟ್ಸಿಗೆ ಹೋಗುತ್ತಿದ್ದ ನೀಲಕ್ಕನನ್ನೂ ಅವಳ ಜೊತೆಯ ಐದು ಹೆಂಗಸರನ್ನೂ ಕೂರಿಸಿಕೊಂಡು, "ಎಷ್ಟ್ ದಿನ ಅಂತ ಆ ಸೂಪರ್‌ವೈಸರ್ ಹತ್ರ ಬೈಸ್ಕೋತೀರ? ಕೆಲ್ಸ ಬಿಟ್ಟು ಬನ್ರೇ, ನಾನಿದ್ದೀನಿ," ಎಂದಳು. 2012ರ ಯುಗಾದಿ ಮುಗಿಯುವಷ್ಟರಲ್ಲಿ ಆರೂ ಜನ ಕೆಲಸ ಬಿಟ್ಟು ಬಂದರು. ಮದುವೆ, ಸೀಮಂತ, ಗೃಹಪ್ರವೇಶ ಎಂದು ವರ್ಷವಿಡೀ ಆರ್ಡರ್ ಇದ್ದವು. ಆರು ಮನೆಯ ಒಲೆ ಈಗ ಈ ಶೆಡ್ಡಿನ ಒಲೆಯನ್ನು ನಂಬಿಕೊಂಡಿತ್ತು.

ಏಪ್ರಿಲ್ ಕೊನೆಯ ವಾರ ಫೋನ್ ನಿಂತುಹೋಯಿತು.

ಮೊದಲ ಎರಡು ದಿನ ಫೋನೇ ಕೆಟ್ಟಿದೆ ಎಂದುಕೊಂಡಳು. ಗಂಡ ಬಾಲರಾಜ್ ರೈಲಿನ ಗಾಲಿ ಮಾಡುವ ವೀಲ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಅಲ್ಲಿಂದ ಒಂದು ಸಲ ರಿಂಗ್ ಮಾಡಲು ಹೇಳಿದಳು. ಫೋನ್ ಚೆನ್ನಾಗಿಯೇ ಹೊಡೆದುಕೊಂಡಿತು. "ಕೆಟ್ಟಿಲ್ಲ ಕಣೇ," ಎಂದ ಬಾಲರಾಜ್. ಕೆಟ್ಟಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಭಾನುವಾರ ಬಸವಕಿರಣ ಲ್ಯಾಪ್‌ಟಾಪ್ ಹಿಡಿದು ಕೆಳಗಿಳಿದು ಬಂದ. ಹುಡುಕಿದ. ಮೊದಲ ಪುಟದಲ್ಲಿ ಕಲಾವತಿ ಇರಲಿಲ್ಲ, ಎರಡನೆಯದರಲ್ಲೂ ಇರಲಿಲ್ಲ. ಸಂತೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ಹುಡುಕಿದ ಹಾಗೆ ಹುಡುಕಿ ಹುಡುಕಿ ಕೊನೆಗೆ ಏಳನೇ ಪುಟದಲ್ಲಿ ಸಿಕ್ಕಳು. ಏಳನೇ ಪುಟಕ್ಕೆ ಯಾರು ಬರುತ್ತಾರೆ? ದಾರಿ ತಪ್ಪಿದವನು ಬರಬೇಕು, ಇಲ್ಲ ಕೆಲಸವಿಲ್ಲದವನು ಬರಬೇಕು. ಇಬ್ಬರೂ ಕಜ್ಜಾಯ ಕೊಳ್ಳುವ ಪೈಕಿಯಲ್ಲ.

"ಗೂಗಲ್ಲಿನವ್ರು ಲೆಕ್ಕ ಹಾಕೋ ರೀತಿ ಬದಲು ಮಾಡ್ಯಾರ್ರಿ," ಎಂದ ಬಸವಕಿರಣ ತಲೆ ತಗ್ಗಿಸಿ. "ಮೊದ್ಲು ಎಷ್ಟು ಮಂದಿ ನಿಮ್ಮ ಹೆಸರು ಹೇಳ್ತಾರ ಅಂತ ಎಣಿಸ್ತಿತ್ತು. ಈಗ ಯಾಕ ಹೇಳ್ತಾರ ಅಂತ ನೋಡಾಕ ಹತ್ತೇತಿ. ಬೋರ್‌ವೆಲ್ ಕೊರಿಯಾವ್ರಿಗೆ ಕಜ್ಜಾಯದ ಉಸಾಬರಿ ಯಾಕ ಅಂತ ಅದಕ್ಕ ಸಂಶಯ ಬಂದೈತಿ. ಒಳಗೊಳಗೆ ಮಾತಾಡ್ಕೊಂಡು ಮೋಸ ಮಾಡಾಕತ್ತಾರ ಅಂದ್ಕೊಂಡೈತ್ರಿ."

"ಮೋಸ ಏನ್ ಬಂತು? ಬೋರಲ್ಲಿ ನೀರು ಬಿದ್ದ ದಿನ ಚಿಕ್ಕಮಾರಯ್ಯ ನಮ್ ಕಜ್ಜಾಯನೇ ಅಲ್ವಾ ಹಂಚೋದು?"

"ಅದು ನಿಮ್ಗ ಗೊತ್ತು, ನನಗ ಗೊತ್ತು. ಮಷೀನಿಗೆ ಹೆಂಗ ಗೊತ್ತಾಗ್ಬೇಕ್ರಿ?"

ಈ ಹೊಸ ಲೆಕ್ಕಕ್ಕೆ ಪೆಂಗ್ವಿನ್ ಎಂದು ಹೆಸರಿಟ್ಟಿದ್ದಾರಂತೆ. ಅದರ ಚಿತ್ರವನ್ನು ಬಸವಕಿರಣ ತೋರಿಸಿದ. ನೀಲಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. "ನೋಡಕ್ಕೆ ಕರೀ ಕೋಟ್ ಹಾಕ್ಕೊಂಡಿರೋ ಲಾಯರ್ ಥರ ಸಾಧುವಾಗಿದೆ. ಇದಕ್ಯಾಕೆ ಬೇಕಿತ್ತು ನಮ್ ಸಹವಾಸ?" ಎಂದಳು. ಎಲ್ಲರೂ ನಕ್ಕರು. ಕಲಾವತಿಯೂ ನಕ್ಕಳು, ಆದರೆ ಕಣ್ಣು ಮಾತ್ರ ಸದ್ದಿಲ್ಲದ ಫೋನಿನ ಮೇಲೇ ಇತ್ತು.

ಪರಿಹಾರ ಒಂದೇ, ಎಂದ ಬಸವಕಿರಣ. ಮೂವತ್ತೇಳು ಜಾಗದಿಂದಲೂ ಅವಳ ಹೆಸರು ತೆಗೆಸಬೇಕು, ಅವಳೂ ಅವರ ಹೆಸರು ತೆಗೆಯಬೇಕು. ಆಮೇಲೆ ಗೂಗಲ್ ಮತ್ತೊಮ್ಮೆ ಲೆಕ್ಕ ನೋಡುವವರೆಗೆ ಕಾಯಬೇಕು. ದೀಪಾವಳಿ ನವೆಂಬರ್ ಮಧ್ಯದಲ್ಲಿ. ಅಷ್ಟರೊಳಗೆ ಮೇಲೆ ಬಂದರೆ ಆರು ಹೆಂಗಸರಿಗೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಅವರು ಮತ್ತೆ ಅದೇ ಗಾರ್ಮೆಂಟ್ಸಿನ ಗೇಟಿನ ಮುಂದೆ ನಿಲ್ಲಬೇಕು, ಅದೂ ಕಲಾವತಿಯ ಮಾತು ಕೇಳಿದ ತಪ್ಪಿಗೆ.

ಹೇಳಿದಷ್ಟು ಸುಲಭವೇ ಅದು? ಬರೆಸಿದ ಮುಯ್ಯಿಯನ್ನು ಅಳಿಸು ಎಂದು ಯಾವ ಬಾಯಲ್ಲಿ ಕೇಳುವುದು? ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬಂತಾಯಿತು ಅವಳ ಸ್ಥಿತಿ. ಮೊದಲು ಜಾಫರನ ಬಳಿಗೆ ಹೋದಳು. ಹವಾಮಾನದ ಮಾತಾಡಿದಳು, ಫ್ಲೈಓವರಿನ ಟ್ರಾಫಿಕ್ಕಿನ ಮಾತಾಡಿದಳು, ಕೊನೆಗೆ ಕಣ್ಣುಮುಚ್ಚಿ ವಿಷಯ ಹೇಳಿದಳು. ಜಾಫರ್ ಕುರ್ಚಿಗೆ ಒರಗಿ ನಿಟ್ಟುಸಿರು ಬಿಟ್ಟ.

"ಅಕ್ಕ, ನಂದೂ ಬಿದ್ದೋಗಿದೆ. ಒಂದ್ ವಾರದಿಂದ ನಿಮ್ಗೆ ಇದೇ ಹೇಳೋಣ ಅಂತಿದ್ದೆ. ನಿಮ್ ಮುಖ ನೋಡಿದ್ರೆ ಮಾತೇ ಬರ್ತಿರ್ಲಿಲ್ಲ."

ಎಲ್ಲರ ಕಥೆಯೂ ಅದೇ ಆಗಿತ್ತು. ಪಿಳ್ಳಣ್ಣನೂ ಬಿದ್ದಿದ್ದ, ಚಿಕ್ಕಮಾರಯ್ಯನೂ ಬಿದ್ದಿದ್ದ. ಮೂವತ್ತಾರು ಜನ ಒಬ್ಬರಿಗೊಬ್ಬರು ನಾಚಿಕೊಂಡು ಬಾಯಿ ಮುಚ್ಚಿಕೊಂಡು ಒಟ್ಟಿಗೆ ಮುಳುಗುತ್ತಿದ್ದರು. ಎಂಥ ಮರ್ಯಾದಸ್ಥರಪ್ಪ ನಮ್ಮ ಜನ! ಒಂದೇ ತಿಂಗಳಲ್ಲಿ ಎಲ್ಲರೂ ಖುಷಿಯಿಂದಲೇ ಹೆಸರು ಅಳಿಸಿಕೊಂಡರು. ಉಳಿದವರು ಒಬ್ಬರೇ, ಅಶ್ವತ್ಥಪ್ಪ ಮಾವ.

ಅವಳು ಹೋದಾಗ ಮಾವ ಅಂಗಳದಲ್ಲಿ ಶಾಮಿಯಾನದ ಬಟ್ಟೆ ಮಡಚಿಸುತ್ತಿದ್ದರು. ಇವಳು ಬಾಯಿ ತೆರೆಯುವ ಮೊದಲೇ ಅವರೇ ಶುರುಮಾಡಿದರು.

"ಬಾರವ್ವ. ನೀನು ಕೆಳಕ್ಕೆ ಬಿದ್ದೋಗಿದ್ದೀಯ ಅಂತ ಪಿಳ್ಳಣ್ಣ ಅಂದ. ಎದ್ರಬ್ಯಾಡ. ಒಂದು ಪುಟದಾಗೆ ಇತ್ತಲ್ಲ ನಿನ್ನೆಸ್ರು, ಈಗ ನಮ್ದು ಅದಿನೆಂಟು ಪುಟಕ್ಕೂ ಆಕ್ಸಿದ್ದೀನಿ. ಆ ಉಡುಗನ್ನ ಕೇಳ್ಳಿಲ್ಲ, ಪ್ಯಾಟೆಯಿಂದ ಬ್ಯಾರೆಯವ್ನ ಕರ್ಸಿ ಆಕ್ಸ್ದೆ. ಬಿದ್ದೋರನ್ನ ಎತ್ತೋಕಲ್ವೇ ನೆಂಟ್ರು ಇರೋದು?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಅವಳಿಗೆ ನೆನಪಾಯಿತು. ಆದರೆ ಆ ಮುಖದ ಹೆಮ್ಮೆ ನೋಡಿದ ಮೇಲೆ ಬಂದ ವಿಷಯ ಎತ್ತಲಿಲ್ಲ. ಮಜ್ಜಿಗೆ ಕುಡಿದು, ಊಟ ಮಾಡಿ, ಹಲಸಿನ ಹಣ್ಣಿನ ತೊಳೆ ಕಟ್ಟಿಸಿಕೊಂಡು ವಾಪಸು ಬಂದಳು. ಮುಂದಿನ ತಿಂಗಳು ಹೋದಾಗಲೂ ಹಾಗೇ ಆಯಿತು, ಹಲಸಿನ ಬದಲು ಒಣಗಿಸಿಟ್ಟ ಅವರೆಕಾಳು. ಇತ್ತ ಏಳನೇ ಪುಟದಲ್ಲಿದ್ದವಳು ಹನ್ನೊಂದನೆಯದಕ್ಕೆ ಇಳಿದಳು. ಪ್ರೀತಿಯ ಭಾರ ಅಷ್ಟಿತ್ತು.

ಗಣೇಶನ ಹಬ್ಬಕ್ಕೆ ಹತ್ತು ದಿನವಿರುವಾಗ ನೀಲಕ್ಕ ಕಜ್ಜಾಯ ತಟ್ಟುತ್ತ, ತಲೆ ಎತ್ತದೆ ಕೇಳಿದಳು: "ಕಲಾವತಿ, ಗಾರ್ಮೆಂಟ್ಸಲ್ಲಿ ಜನ ತಗೋತಿದ್ದಾರಂತೆ. ಈ ತಿಂಗಳು ಹೋದ್ರೆ ಸೇರ್ಸ್ಕೋತಾರೆ. ನಾವು ಇರೋಣ್ವೋ ಹೋಗೋಣ್ವೋ, ನೀನೇ ಹೇಳ್ಬಿಡು."

ಬೈದಿದ್ದರೆ ಪರವಾಗಿರಲಿಲ್ಲ. ಅವಳು ಅಷ್ಟು ಮೆತ್ತಗೆ ಕೇಳಿದ್ದನ್ನು ಕಲಾವತಿಗೆ ತಡೆಯಲಾಗಲಿಲ್ಲ. ಕೈ ತೊಳೆದುಕೊಂಡು ಸೀದಾ ಮಾವನ ಮನೆಗೆ ನಡೆದಳು. ಈ ಸಲ ಕೂರಲಿಲ್ಲ, ಮಜ್ಜಿಗೆಯನ್ನೂ ಮುಟ್ಟಲಿಲ್ಲ.

"ಮಾವ, ನಿಮ್ ವೆಬ್‌ಸೈಟಿಂದ ನನ್ ಹೆಸರು ತೆಗೆಸ್ಬಿಡಿ. ಪೂರ್ತಿ. ಅದಿದ್ರೆ ನಾನು ಮೇಲಕ್ಕೆ ಬರೋದಿಲ್ಲ."

ಯಾಕೆ, ಏನು ಎಂದು ತನಗೆ ತಿಳಿದಷ್ಟು ಬಿಡಿಸಿ ಹೇಳಿದಳು. ಆರು ಹೆಂಗಸರ ವಿಷಯವನ್ನೂ ಹೇಳಿದಳು. ಅಶ್ವತ್ಥಪ್ಪ ಕೈಯಲ್ಲಿದ್ದ ಹಗ್ಗದ ಗಂಟು ಬಿಚ್ಚಿ ಮತ್ತೆ ಬಿಗಿದರು.

"ನಮ್ಮನೆ ಮುಯ್ಯಿ ಪುಸ್ತಕದಾಗೆ ಎಸ್ರು ಒಡ್ದಾಕಿದ್ದು ಒಂದೇ ಸಲ," ಎಂದರು. "ನಮ್ಮಪ್ಪ ಅವ್ರ ದಾಯಾದಿ ಎಸ್ರು ಒಡ್ದಾಕಿದ್ರು. ನಲವತ್ತು ವರ್ಸ ಆಯ್ತು, ಇವತ್ತಿಗೂ ಆ ಮನೆ ನೀರು ನಾವು ಕುಡಿಯಾಕಿಲ್ಲ."

"ಇದು ಅದಲ್ಲ ಮಾವ."

"ಅದೇ ಕಣವ್ವ. ನಮ್ ನಂಟು ಸಾಚಾನೋ ಸುಳ್ಳೋ ಅಂತ ಯಾವ್ದೋ ಮಿಸೀನು ಕೇಳ್ತು, ನೀನು ಅದಕ್ಕೆ ಊ ಅಂದ್ಯಲ್ಲ."

ಅವಳ ಎದುರಿಗೇ ಫೋನ್ ತೆಗೆದು ಬಸವಕಿರಣನಿಗೆ ಹೇಳಿದರು: ಅಳಿಸಪ್ಪ, ಒಂದಕ್ಷರ ಉಳಿಯಬಾರದು. ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಊಟ ಮಾಡಿಕೊಂಡು ಹೋಗು ಎನ್ನಲಿಲ್ಲ. ಹೊತ್ತು ಮಧ್ಯಾಹ್ನ ಒಂದೂವರೆ. ಆ ಮನೆಯಿಂದ ಅವಳು ಹಸಿದುಕೊಂಡು ಹೊರಗೆ ಬಂದದ್ದು ಹುಟ್ಟಿದ ಮೇಲೆ ಅದೇ ಮೊದಲು. ದಾರಿಯುದ್ದಕ್ಕೂ ಅತ್ತಳು.

ಮಾತು ನಿಂತಿತು. ನೆಂಟರೊಬ್ಬರ ಮನೆಯ ನಿಶ್ಚಿತಾರ್ಥದಲ್ಲಿ ಎದುರು ಬದುರು ಬಂದಾಗ ಮಾವ ಪಕ್ಕದ ಕಂಬವನ್ನು ಪರೀಕ್ಷೆ ಮಾಡತೊಡಗಿದರು. "ವಯಸ್ಸಾದೋರು, ಹಬ್ಬದ ಹೊತ್ಗೆ ಸರಿ ಹೋಗ್ತಾರೆ ಬಿಡು," ಎಂದ ಬಾಲರಾಜ್. ಅವನಿಗೆ ಎಲ್ಲವೂ ಹಬ್ಬದ ಹೊತ್ತಿಗೆ ಸರಿಹೋಗುತ್ತವೆ. ನೀಲಕ್ಕನಿಗೆ ಮಾತ್ರ ಕಲಾವತಿ, "ದೀಪಾವಳಿ ತಂಕ ಇರ್ರಿ," ಎಂದು ಹೇಳಿಬಿಟ್ಟಿದ್ದಳು. ಹೇಳಿದ್ದು ದೇವರ ಮೇಲೆ ಭಾರ ಹಾಕಿ.

ಅಕ್ಟೋಬರ್ ಮೊದಲ ವಾರ ಕಳೆಯಿತು. ಆಯುಧಪೂಜೆಗೆ ಮುಂಚೆ ಒಂದು ಬೆಳಿಗ್ಗೆ ಫೋನ್ ಹೊಡೆದುಕೊಂಡಿತು. ಗಂಗಾನಗರದವರು, ನೋಮಿಗೆ ಐವತ್ತೊಂದು ಕಜ್ಜಾಯ ಬೇಕಂತೆ. ಮಧ್ಯಾಹ್ನ ಇನ್ನೊಂದು. ಮರುದಿನ ನಾಲ್ಕು. ಆಮೇಲೆ ಫೋನಿಗೆ ಬಿಡುವೇ ಇಲ್ಲ. ಕೆಂಪಾಪುರದ ಒಂದೇ ಅಪಾರ್ಟ್‌ಮೆಂಟಿನಿಂದ ಹದಿಮೂರು ಮನೆಯವರು ಹೇಳಿದರು. ಅಕ್ಕಿ ನೆನೆಹಾಕಲು ಪಾತ್ರೆ ಸಾಲದೆ ಬಾಲರಾಜ್ ಸ್ನಾನಕ್ಕೆಂದು ಇಟ್ಟ ಹಂಡೆಯನ್ನೂ ನೀಲಕ್ಕ ಎತ್ತಿಕೊಂಡು ಹೋದಳು. ಶೆಡ್ಡಿನಲ್ಲಿ ಆರು ಹೆಂಗಸರ ಮಾತು, ನಗು, ಎಣ್ಣೆಯ ಚುಂಯ್ ಸದ್ದು. ಕಲಾವತಿ ಮನಸ್ಸಿನಲ್ಲೇ ಆ ಪೆಂಗ್ವಿನ್ನಿಗೆ ಕೈಮುಗಿದಳು. ಮಾವನ ಮನಸ್ಸು ಮುರಿದದ್ದಕ್ಕೆ ಬೆಲೆಯಾದರೂ ಸಿಕ್ಕಿತಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೇ ಸಂಕಟವಾಯಿತು.

ರಾಜ್ಯೋತ್ಸವದ ಹಿಂದಿನ ದಿನ ಬಸವಕಿರಣ ಲ್ಯಾಪ್‌ಟಾಪ್ ಹಿಡಿದು ಬಂದ. ಮುಖ ಸಪ್ಪಗಿತ್ತು.

"ಅಕ್ಕಾರ, ಬೇಜಾರ್ ಮಾಡ್ಕೋಬ್ಯಾಡ್ರಿ. ಮ್ಯಾಲ ಬಂದೀರಿ, ಖರೆ. ಆದ್ರ ಮೂರನೇ ಪುಟಕ್ಕಷ್ಟ. ಮೊದಲ ಪುಟಕ್ಕ ಬರಾಕ ಇನ್ನೂ ನಾಕೈದು ತಿಂಗಳು ಬೇಕಾಕ್ಕೇತಿ. ಈ ದೀಪಾವಳಿಗೆ ಏನೂ ಉಪಯೋಗ ಇಲ್ರಿ."

ಕಲಾವತಿ ಆರ್ಡರ್ ಬರೆದ ಪುಸ್ತಕ ತಂದು ಅವನ ಮುಂದಿಟ್ಟಳು. ಬಸವಕಿರಣ ಹಾಳೆ ತಿರುವಿದ. ನೂರ ನಲವತ್ತೆರಡು ಮನೆ. ಅವನು ವೆಬ್‌ಸೈಟಿನ ಲೆಕ್ಕ ತೆಗೆದ. ಇಡೀ ತಿಂಗಳಲ್ಲಿ ಅದನ್ನು ತೆರೆದು ನೋಡಿದವರು ಹತ್ತೊಂಬತ್ತು ಜನ, ಅವರಲ್ಲಿ ಆರು ಸಲ ಅವನೇ.

"ಮತ್ತ ಇವ್ರೆಲ್ಲ ಎಲ್ಲಿಂದ ಬಂದ್ರು?"

ಅಷ್ಟರಲ್ಲಿ ಫೋನ್ ಬಂತು. ಹೆಬ್ಬಾಳದ ಒಬ್ಬ ಹೆಂಗಸು, ಇಪ್ಪತ್ತೊಂದು ಕಜ್ಜಾಯ. ವಿಳಾಸ ಬರೆದುಕೊಂಡು ಕಲಾವತಿ ಕೇಳಿದಳು, "ಮೇಡಂ, ನಮ್ ನಂಬರ್ ನಿಮ್ಗೆ ಎಲ್ಲಿ ಸಿಕ್ತು?"

"ನಮ್ ಅಪಾರ್ಟ್‌ಮೆಂಟ್ ಗಣೇಶನಿಗೆ ಪೆಂಡಾಲ್ ಹಾಕೋಕೆ ಒಬ್ರು ಅಜ್ಜ ಬಂದಿದ್ರಲ್ಲ ಕಣ್ರೀ, ಅವರೇ ಕೊಟ್ರು. ಕೊಟ್ರು ಅಂದ್ರೆ ಏನು, ಎಲ್ಲಾರೂ ಬರ್ಕೊಳ್ಳೋ ತನಕ ಕಂಬ ನೆಡಲ್ಲ ಅಂತ ಕೂತ್ಬಿಟ್ರು. ದೀಪಾವಳಿಗೆ ಕಜ್ಜಾಯ ಇಲ್ಲೇ ತಗೋಬೇಕು ಅಂತ. ಕಮಿಟಿಯೋರು ಬೋರ್ಡ್ ಮೇಲೂ ಹಾಕಿದ್ದಾರೆ."

ಕಲಾವತಿ ಪುಸ್ತಕದಲ್ಲಿದ್ದ ಇನ್ನು ನಾಲ್ಕು ಮನೆಗೆ ತಾನೇ ಫೋನ್ ಮಾಡಿ ಕೇಳಿದಳು. ನಾಲ್ಕು ಕಡೆಯೂ ಅದೇ ಅಜ್ಜ, ಅದೇ ಹಟ.

ಅವಳು ಫೋನನ್ನು ಹಿಟ್ಟಿನ ಪಾತ್ರೆಯ ಪಕ್ಕದಲ್ಲೇ ಬಿಟ್ಟು ಹೊರಟಳು. ಮಾವ ಮನೆಯಲ್ಲಿರಲಿಲ್ಲ, ರಾಜ್ಯೋತ್ಸವದ ಪೆಂಡಾಲ್ ಹಾಕಿಸಲು ಕೆಂಪಾಪುರಕ್ಕೆ ಹೋಗಿದ್ದರು. ಆಟೋ ಹಿಡಿದಳು. ಒಂದು ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಕೆಂಪು ಹಳದಿ ಬಟ್ಟೆ ಹರಡಿತ್ತು, ಕಂಬಗಳಿನ್ನೂ ನೆಲದ ಮೇಲಿದ್ದವು. ಮಾವ ಕುರ್ಚಿಯ ಮೇಲೆ ಕೂತಿದ್ದರು. ಎದುರಿಗೆ ಕಮಿಟಿಯ ಇಬ್ಬರು, ಒಬ್ಬನ ಕೈಯಲ್ಲಿ ಪೆನ್ನು.

"ಒಂಬತ್ತು, ಎಂಟು, ನಾಕು," ಎನ್ನುತ್ತಿದ್ದ ಮಾವ ಅವಳನ್ನು ನೋಡಿದರು. ಕಳ್ಳತನ ಮಾಡುವಾಗ ಸಿಕ್ಕಿಬಿದ್ದವರ ಹಾಗೆ ಮುಖ ಕೆಂಪಾಯಿತು. ಆದರೆ ಅರ್ಧಕ್ಕೆ ಬಿಡುವ ಜಾಯಮಾನ ಅವರದ್ದಲ್ಲ. ಅವಳ ಕಡೆಯಿಂದ ಕಣ್ಣು ತೆಗೆದು ಉಳಿದ ಅಂಕಿಗಳನ್ನೂ ನಿಧಾನವಾಗಿ ಹೇಳಿ, ಬರೆದವನ ಕೈಯಲ್ಲಿ ಒಮ್ಮೆ ಓದಿಸಿಯೇ ಬಿಟ್ಟರು.

ಕಲಾವತಿಗೆ ಅಳು ಬಂತು, ನಗುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು. "ಮಾವ," ಎಂದಷ್ಟೇ ಅಂದಳು.

"ಏನವ್ವ ಮಾವ?" ಎಂದರು ಅಶ್ವತ್ಥಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ. "ಅದ್ರಾಗಿಂದ ಎಸ್ರು ಅಳಿಸು ಅಂದೆ, ಅಳಿಸ್ದೆ. ಬಾಯಾಗಿಂದನೂ ಅಳಿಸು ಅಂತ ನೀನು ಏಳಿರ್ಲಿಲ್ವಲ್ಲ."